ಹತ್ತನೆಯ ವರ್ಷದ ಕರೆ

ನೂಲು ಹುಣ್ಣಿಮೆಯ ದಿನ ಬೆಳಿಗ್ಗೆ ಏಳು ಗಂಟೆಗೇ ಜಗದೀಶ ಹರಿಕಂತ್ರ ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಂಕೋಲೆಯ ಬಳಿಯ ಕೇಣಿ ಊರಿನ ತನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದ. ಕೈಯಲ್ಲಿ ಪೇಪರ್ ಇತ್ತು, ಕಣ್ಣು ರಸ್ತೆಯ ಮೇಲಿತ್ತು. ಯಾರಾದರೂ ಕೇಳಿದರೆ ಪೇಪರ್ ಓದುತ್ತಿದ್ದೇನೆ ಎನ್ನಲು ಬರುತ್ತದೆ, ಆ ಪೇಪರಿನ ಉಪಯೋಗ ಅಷ್ಟೇ. ಎಂಟು ವರ್ಷದಿಂದ ಈ ದಿನ ಎಂಟು ಗಂಟೆಯ ಆಸುಪಾಸಿಗೆ ಕಾರವಾರದಿಂದ ಒಂದು ಕಾರು ಬಂದು ಅವನ ಮನೆಯ ಮುಂದೆ ನಿಲ್ಲುತ್ತಿತ್ತು. ಅದರಿಂದ ಕಬಡ್ಡಿ ತಂಡದ ಮಾಲಕ ದತ್ತಾಬಾಬ ಇಳಿಯುತ್ತಿದ್ದರು. ಒಂದು ಕೈಯಲ್ಲಿ ಸುಲಿದ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಸೀಟಿ.

"ಏಳು ಮಾರಾಯ, ಹುಡುಗ್ರು ಕಾಯ್ತಾ ಇದ್ದಾರೆ" ಎನ್ನುತ್ತಿದ್ದರು ದತ್ತಾಬಾಬ. ಜಗದೀಶ ಏಳುತ್ತಿದ್ದ. ಕೂರ್ಮಗಡ ಕಬಡ್ಡಿ ತಂಡದ ಕೋಚ್ ಹುದ್ದೆಗೆ ಅವನ ನೇಮಕಾತಿ ನಡೆಯುತ್ತಿದ್ದದ್ದು ಹೀಗೆ. ಸಹಿ, ಮೊಹರು, ಕಾಗದಪತ್ರ ಎಲ್ಲ ಆಮೇಲೆ ಬರುತ್ತಿದ್ದವು.

ಈ ಪದ್ಧತಿ ತಂದವನು ಜಗದೀಶನೇ. ಅವನ ಅಪ್ಪ ರಾಮಾ ತಾಂಡೇಲನಾಗಿದ್ದ, ಅಂದರೆ ಬೇರೊಬ್ಬರ ಬೋಟನ್ನು ಸಮುದ್ರದಲ್ಲಿ ನಡೆಸುವ ಹಿರಿಯ. ಮಳೆಗಾಲಕ್ಕೆ ಬೋಟು ದಡಕ್ಕೆಳೆದ ದಿನ ರಾಮಾ ಚುಕ್ಕಾಣಿಯ ಹಿಡಿಕೆ ಕಳಚಿಕೊಂಡು ಹೋಗಿ ಮಾಲಕನ ಜಗಲಿಯಲ್ಲಿಟ್ಟು ಬರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ಕಾಯಿ ಬಿಡುವ ಮೊದಲು ಮಾಲಕ ಕರೆ ಕಳಿಸಿದರೆ ಆ ವರ್ಷವೂ ಬೋಟು ಅವನ ಕೈಗೆ. ಕಳಿಸದಿದ್ದರೆ ಇಲ್ಲ. ತಾಂಡೇಲ ತಾನಾಗಿ ಹೋಗಿ ಕೇಳುವಂತಿಲ್ಲ, ಮಾಲಕ ಕಾರಣ ಹೇಳಬೇಕಾಗಿಯೂ ಇಲ್ಲ. ಊರಿನ ಎಲ್ಲ ತಾಂಡೇಲರಿಗೂ ಈ ಕಟ್ಟಳೆ ಇತ್ತೋ, ರಾಮಾನ ಮನೆಯವರೇ ಮಾಡಿಕೊಂಡದ್ದೋ, ಈಗ ಹೇಳುವವರು ಯಾರೂ ಉಳಿದಿಲ್ಲ.

ಜಗದೀಶ ಸಮುದ್ರಕ್ಕೆ ಹೋಗಲಿಲ್ಲ. ಕಬಡ್ಡಿ ಆಡಿದ, ಆಟದ ಬಲದಿಂದ ಅಂಕೋಲೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕನಾದ. ಕರಾವಳಿಯಲ್ಲಿ ಎಂಟು ತಂಡಗಳ ವೃತ್ತಿಪರ ಲೀಗ್ ಶುರುವಾದಾಗ ದತ್ತಾಬಾಬ ಒಂದು ತಂಡ ಕಟ್ಟಿದರು. ಬೈತಖೋಲ ಬಂದರಿನಲ್ಲಿ ಐಸ್ ಫ್ಯಾಕ್ಟರಿ, ನಾಲ್ಕು ಬೋಟು ಇದ್ದ ಮನುಷ್ಯ. ಕಬಡ್ಡಿ ಹುಚ್ಚು ಅವರಿಗೆ ಬೋಟಿಗಿಂತ ಹಳೆಯದು. ಕೋಚ್ ಬೇಕು ಎಂದಾಗ ಜಗದೀಶನನ್ನು ಕರೆದರು. ಅವನು ಶಾಲೆಯ ಕೆಲಸ ಬಿಟ್ಟು ಬಂದ. ಮೊದಲ ಸೀಸನ್ನಿನಲ್ಲಿ ತಂಡ ಏಳನೆಯ ಸ್ಥಾನ. ಜಗದೀಶ ಮರುದಿನವೇ ಸೀಟಿ ಮತ್ತು ಮೈದಾನದ ಕೀಲಿಕೈ ತೆಗೆದುಕೊಂಡು ಹೋಗಿ ದತ್ತಾಬಾಬರ ಮೇಜಿನ ಮೇಲಿಟ್ಟು, ಕೈ ಮುಗಿದು ಬಂದುಬಿಟ್ಟ. ಬೋಟು ಕಂಡ ಮನುಷ್ಯನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಣ್ಣಿಮೆಯಂದು ಕಾಯಿ ಹಿಡಿದುಕೊಂಡು ಅವರೇ ಬಂದರು.

ಆ ಲೀಗಿನಲ್ಲಿ ಕೋಚುಗಳ ಬದುಕು ಬಾಡಿಗೆ ಮನೆಯವರ ಬದುಕು. ಒಂಬತ್ತು ವರ್ಷದಲ್ಲಿ ಬೇರೆ ಏಳು ತಂಡಗಳಿಗೆ ಸೇರಿ ಮೂವತ್ತೊಂದು ಜನ ಕೋಚುಗಳಾದರು. ಸೋತವರು ಹೋದರು, ಅದು ಯಾರಿಗಾದರೂ ಅರ್ಥವಾಗುವ ಮಾತು. ಆದರೆ ಕಪ್ ಗೆದ್ದ ವರ್ಷವೇ ಇಬ್ಬರು ಹೋದರು. ಒಬ್ಬನಿಗೆ ಮಾಲಕನ ಅಳಿಯನ ಜೊತೆ ಆಗಲಿಲ್ಲ. ಇನ್ನೊಬ್ಬ ಕಪ್ ಗೆದ್ದ ಮೇಲೆ ಆಟಗಾರರ ಪಟ್ಟಿಯನ್ನು ತಾನೇ ಮಾಡುತ್ತೇನೆ ಎಂದನಂತೆ. ಗೆದ್ದ ಎತ್ತಿನ ಬಾಲ ಹಿಡಿಯುವವರು ಲೋಕದಲ್ಲಿ ಬಹಳ, ಆದರೆ ಆ ಎತ್ತನ್ನು ಎಷ್ಟು ವರ್ಷ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳಬೇಕು ಎನ್ನುವುದು ಯಾರಿಗೂ ಗೊತ್ತಿಲ್ಲ. ಇವೆಲ್ಲದರ ನಡುವೆ ಜಗದೀಶ ಒಬ್ಬನೇ ಒಂಬತ್ತು ಸೀಸನ್ ಇದ್ದ. ಮೂರು ಕಪ್: ಆರನೆಯ ವರ್ಷ, ಎಂಟನೆಯ ವರ್ಷ, ಈಗ ಒಂಬತ್ತನೆಯ ವರ್ಷ. ಇದರ ಗುಟ್ಟೇನು ಎಂದು ಯಾರಾದರೂ ಕೇಳಿದರೆ ಅವನು ಅಪ್ಪನ ಚುಕ್ಕಾಣಿಯ ಕತೆ ಹೇಳುತ್ತಿದ್ದ. "ಕುರ್ಚಿ ನಮ್ದಲ್ಲ ಅಂತ ವರ್ಷಕ್ಕೊಂದು ಸಲ ಎದ್ದು ನಿಂತ್ರೆ, ಯಾರೂ ಎಬ್ಬಸೂಕೆ ಬರೂದಿಲ್ಲ" ಎನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಎಂಥ ಸರಳ ಮನುಷ್ಯ ಎನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವುದು ಅವನಿಗೂ ಇಷ್ಟವಿತ್ತು, ಸುಳ್ಳು ಯಾಕೆ ಹೇಳಬೇಕು.

ಈ ವರ್ಷ ಒಂದು ವ್ಯತ್ಯಾಸವಿತ್ತು. ದತ್ತಾಬಾಬರಿಗೆ ಹೃದಯದ ಆಪರೇಷನ್ ಆಗಿ, ಅವರು ಮಡಗಾಂವಿನಲ್ಲಿ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದರು. ಜನವರಿಯಿಂದ ತಂಡ ನೋಡಿಕೊಳ್ಳುತ್ತಿದ್ದವಳು ಮಗಳು ರೂಪಾಲಿ. ಮೇ ತಿಂಗಳಲ್ಲಿ ಜಗದೀಶ ಸೀಟಿ, ಕೀಲಿಕೈ ಇಟ್ಟದ್ದು ಅವಳ ಮೇಜಿನ ಮೇಲೆ. ಅವಳು ಎದ್ದು ನಿಂತು ನಮಸ್ಕಾರ ಮಾಡಿದಳು. ಏನೂ ಹೇಳಲಿಲ್ಲ. ಹೇಳಬಾರದು ಎಂಬುದೇ ಪದ್ಧತಿಯಾದ್ದರಿಂದ ಅದು ಜಗದೀಶನಿಗೆ ಸರಿಯಾಗಿಯೇ ಕಂಡಿತ್ತು.

ಎಂಟಾಯಿತು. ಒಂಬತ್ತಾಯಿತು. ದೋಣಿಯವರು ಹೂವು, ಕಾಯಿ ತೆಗೆದುಕೊಂಡು ಕಡಲ ಕಡೆಗೆ ಹೋದರು. ಹೆಂಡತಿ ಬೇಬಿ ಎರಡು ಸಲ ಹೊರಗೆ ಬಂದು ನೋಡಿ, ಮೂರನೆಯ ಸಲ ಚಾ ತಂದಳು.

"ಬೇರೆ ಅಂಗಿ ಹಾಕ್ಕಣಿ, ಬೆವರಾಯ್ತಲಾ" ಎಂದಳು.

"ಇರ್ಲಿ."

"ಒಂದು ಫೋನ್ ಮಾಡಿ ಕೇಳೂಕೆ ಎಂತಾ ಆಗ್ತದೆ ನಿಮ್ಗೆ? ಆ ಹುಡ್ಗಿ ಪುಣೆಲ್ಲಿ ಓದ್ಕಂಡು ಬಂದದ್ದು. ಅವ್ಳಿಗೆ ನಿಮ್ಮ ಹುಣ್ಣಿಮೆ ಲೆಕ್ಕ ಯಾರು ಹೇಳಿರ್ತಾರೆ?"

"ಕೇಳೂಕಾಗೂದಿಲ್ಲ."

"ಹಂಗಾರೆ ಜಗಲಿ ಮೇಲೇ ಇರಿ" ಎಂದು ಬೇಬಿ ಒಳಗೆ ಹೋದಳು. ಸಿಟ್ಟಿನಿಂದಲ್ಲ. ಇಪ್ಪತ್ತೆರಡು ವರ್ಷ ಇವನ ಜೊತೆ ಬಾಳಿದವಳಿಗೆ ಎಲ್ಲಿಗೆ ಮಾತು ನಿಲ್ಲಿಸಬೇಕು ಎಂಬುದು ಗೊತ್ತಿತ್ತು.

ಜಗದೀಶನಿಗೆ ಅಪ್ಪನ ನೆನಪಾಯಿತು. ಹದಿನೆಂಟು ವರ್ಷ ಒಂದೇ ಬೋಟು ನಡೆಸಿದ ರಾಮಾನಿಗೆ ಒಂದು ಹುಣ್ಣಿಮೆಯಂದು ಕರೆ ಬರಲಿಲ್ಲ. ಆಗ ಜಗದೀಶನಿಗೆ ಹನ್ನೆರಡು ವರ್ಷ. ಅಪ್ಪ ಮಧ್ಯಾಹ್ನದವರೆಗೆ ಕುಳಿತ, ಆಮೇಲೆ ಅಂಗಿ ಕಳಚಿ ಗೋಡೆಯ ಗೂಟಕ್ಕೆ ತೂಗುಹಾಕಿದ, ಹರಿದ ಬಲೆ ಎಳೆದುಕೊಂಡು ಹೆಣೆಯಲು ಕೂತ. ಮುಂದಿನ ವಾರ ಬೇಲೆಕೇರಿಯ ಒಂದು ಬೋಟಿನಲ್ಲಿ ಸಾಮಾನ್ಯ ಆಳಾಗಿ ಹೋದ. ಯಾಕೆ ಎಂದು ಮಾಲಕನನ್ನು ಸಾಯುವವರೆಗೆ ಕೇಳಲಿಲ್ಲ. ಆ ಮಧ್ಯಾಹ್ನ ಅಪ್ಪನನ್ನು ನೋಡಿ ಹುಡುಗ ಜಗದೀಶನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನುಷ್ಯ ಎಂದರೆ ಹೀಗಿರಬೇಕು ಎಂದು ಅವನು ಅಂದೇ ನಿಶ್ಚಯಿಸಿದ್ದ. ಅಪ್ಪನಿಗೆ ಆ ದಿನ ಏನಾಗುತ್ತಿತ್ತು ಎಂದು ಯೋಚಿಸಿರಲಿಲ್ಲ. ಈಗ ನಲವತ್ತೇಳನೆಯ ವಯಸ್ಸಿನಲ್ಲಿ, ಅದೇ ಜಗಲಿಯಲ್ಲಿ ಕುಳಿತು, ಅದು ಗೊತ್ತಾಗುತ್ತಿತ್ತು. ಇನ್ನೊಂದು ವರ್ಷ ಬೇಕಿತ್ತು ಅವನಿಗೆ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಬೇಕೇ ಬೇಕಿತ್ತು. ಆ ಮೈದಾನ, ಬೆಳಗಿನ ಆ ಧೂಳು, ಆ ಹುಡುಗರ ಗದ್ದಲ ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡುವುದು ಎಂಬುದು ಅವನಿಗೆ ತಿಳಿಯದು.

ಕಾರು ಬರಲಿಲ್ಲ. ಸಂಜೆ ಅವನು ಅಂಗಿ ಬದಲಿಸಿದ.

ನಾಲ್ಕನೆಯ ದಿನ ಪೇಪರಿನಲ್ಲಿ ಸುದ್ದಿ ಬಂತು. ಕೂರ್ಮಗಡ ತಂಡಕ್ಕೆ ಕೊಲ್ಹಾಪುರದ ಹೊಸ ಕೋಚ್. "ಮೂರು ಬಾರಿ ಪ್ರಶಸ್ತಿ ಗೆದ್ದುಕೊಟ್ಟ ಜಗದೀಶ ಹರಿಕಂತ್ರ ಅವರು ಯಶಸ್ಸಿನ ಉತ್ತುಂಗದಲ್ಲಿದ್ದಾಗಲೇ ಸ್ವಇಚ್ಛೆಯಿಂದ ಸ್ಥಾನ ತೆರವು ಮಾಡಿ ಹೊಸಬರಿಗೆ ದಾರಿ ಮಾಡಿಕೊಟ್ಟಿದ್ದಾರೆ" ಎಂದಿತ್ತು. ಪಕ್ಕದಲ್ಲಿ ಫೈನಲ್ ಗೆದ್ದ ದಿನದ ಫೋಟೋ: ಕೊನೆಯ ರೇಡ್‌ನಲ್ಲಿ ಎರಡು ಪಾಯಿಂಟ್ ತಂದ ಯೋಗೇಶನನ್ನು ಹುಡುಗರು ಹೆಗಲ ಮೇಲೆ ಹೊತ್ತಿದ್ದಾರೆ, ಮುಂದೆ ಜಗದೀಶ ಕಪ್ ಎತ್ತಿ ಹಿಡಿದು ನಗುತ್ತಿದ್ದಾನೆ.

ಜಗದೀಶ ಆ ಸುದ್ದಿಯನ್ನು ಮೂರು ಸಲ ಓದಿದ. ಅವನಿಗೆ ವಿಷಯ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡ. ಪಾಪ, ಆ ಹುಡುಗಿಗೆ ಪದ್ಧತಿ ಗೊತ್ತಿಲ್ಲ. ಸೀಟಿ ಇಟ್ಟದ್ದನ್ನು ಅವಳು ರಾಜೀನಾಮೆ ಎಂದುಕೊಂಡಿದ್ದಾಳೆ. ಇವನು ಕರೆಗಾಗಿ ಕಾಯುತ್ತ ಕುಳಿತ, ಅವಳು ಇವನು ಬಿಟ್ಟೇಹೋದ ಎಂದುಕೊಂಡಳು. ಬೇಬಿ ಹೇಳಿದ್ದೇ ಸರಿಯಾಯಿತು.

ಅದಕ್ಕಿಂತ ದೊಡ್ಡ ಪೇಚು ಆಮೇಲೆ ಶುರುವಾಯಿತು. ಜನ ಅವನನ್ನು ಹೊಗಳತೊಡಗಿದರು. ಬೆಳಗಾದರೆ ಫೋನು. ಗೆದ್ದಾಗಲೇ ಇಳಿಯುವ ದೊಡ್ಡ ಗುಣ ಯಾರಿಗಿದೆ ಸಾರ್, ಈ ರಾಜಕಾರಣಿಗಳು ನಿಮ್ಮನ್ನು ನೋಡಿ ಕಲೀಬೇಕು ಸಾರ್. ಅಂಕೋಲೆಯ ಒಂದು ಯುವಕ ಮಂಡಳಿ ಸನ್ಮಾನ ಇಟ್ಟುಕೊಂಡಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ನಿವೃತ್ತ ಹೆಡ್‌ಮಾಸ್ತರರೊಬ್ಬರು ತ್ಯಾಗದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಬಾಹುಬಲಿಯಿಂದ ಹಿಡಿದು ಭೀಷ್ಮನವರೆಗೆ ರಾಜ್ಯ ಬಿಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೊನೆಯಲ್ಲಿ ಜಗದೀಶನನ್ನೂ ನಿಲ್ಲಿಸಿದರು. ಬಿಟ್ಟವನು ಮಾತ್ರ ಹಾರದೊಳಗೆ ಕುಳಿತು, ನಾನು ಬಿಟ್ಟಿಲ್ಲ ಎಂದು ಕೂಗಬೇಕೆನ್ನುವ ಬಾಯಿಗೆ ಬೀಗ ಹಾಕಿಕೊಂಡು ನಗುತ್ತಿದ್ದ. ಮನೆಗೆ ಬಂದ ಮೇಲೆ ಬೇಬಿ ಹಣ್ಣಿನ ಬುಟ್ಟಿ ಬಿಚ್ಚುತ್ತ, "ಭೀಷ್ಮರಿಗೆ ಒಂದು ಸೇಬು ಕೊಡ್ಲಾ?" ಎಂದಳು. ಜಗದೀಶನಿಗೆ ನಗು ಬರಲಿಲ್ಲ.

ಬೇಬಿ ಚಾಕು ಕೆಳಗಿಟ್ಟು ಅವನ ಎದುರು ಕುಳಿತಳು.

"ನಿಮ್ಮ ಅಪ್ಪ ಕೇಳ್ಲಿಲ್ಲ, ಸರಿ. ದೊಡ್ಡ ಮನ್ಷ. ಆದ್ರೆ ಅತ್ತೆ ನನ್ನತ್ರ ಒಂದು ಮಾತು ಹೇಳಿದ್ರು. ಮಾವ ರಾತ್ರಿ ನಿದ್ದೆಲ್ಲಿ ಆ ಮಾಲಕನ ಜೊತೆ ಮಾತಾಡ್ತಿದ್ರಂತೆ. ನಾ ಎಂತಾ ತಪ್ಪು ಮಾಡ್ದೆ, ನಾ ಎಂತಾ ತಪ್ಪು ಮಾಡ್ದೆ, ಇಷ್ಟೇ. ಸಾಯೂವರೆಗೆ. ಕಾರಣ ಗೊತ್ತಾಗ್ಲೇ ಇಲ್ಲ ಅವ್ರಿಗೆ. ನಂಗೆ ಆ ರಾತ್ರಿಗಳು ಬೇಡ. ನಾಳೆ ಹೋಗಿ ಕೇಳ್ಕಂಡು ಬನ್ನಿ."

ಜಗದೀಶ ಈ ಮಾತನ್ನು ಮೊದಲ ಸಲ ಕೇಳಿದ್ದು. ಅಮ್ಮ ಸೊಸೆಗೆ ಹೇಳಿದ್ದಳು, ಮಗನಿಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತುಗಳನ್ನು ಹೊಂದಿಸಿಕೊಂಡ. ತಪ್ಪು ತಿಳುವಳಿಕೆಯಾಗಿದೆ, ನಾನು ಬಿಟ್ಟದ್ದಲ್ಲ, ನಮ್ಮಲ್ಲಿ ಹೀಗೊಂದು ಪದ್ಧತಿ. ಹೊಸಬ ಬಂದಾಯಿತು, ನಿಜ. ಆದರೆ ಆಡಳಿತದವರು ಮನಸ್ಸು ಮಾಡಿದರೆ ಅವನನ್ನು ಜೊತೆಗಿಟ್ಟುಕೊಂಡಾದರೂ ಒಂದು ವರ್ಷ ನಡೆಸಬಹುದು. ಹತ್ತು ಅಂದರೆ ತುಂಬಿದ ಲೆಕ್ಕ. ಹತ್ತಕ್ಕೆ ತಾನೇ ಬಿಡುತ್ತೇನೆ ಎಂದರಾಯಿತು. ಒಂದು ಕಷ್ಟ ಮಾತ್ರ ಬಗೆಹರಿಯಲಿಲ್ಲ. ರೂಪಾಲಿಯನ್ನು ಅವನು ಕಾಲೇಜು ಹುಡುಗಿಯಾಗಿದ್ದಾಗಿನಿಂದ ನೀನು ಎಂದೇ ಕರೆದದ್ದು. ಮಾಲಕನ ಕುರ್ಚಿಯಲ್ಲಿ ಕುಳಿತ ಮೇಲೆ ನೀನು ಎನ್ನಲು ಬಾಯಿ ಬರುತ್ತಿರಲಿಲ್ಲ, ನೀವು ಎನ್ನಲು ಮನಸ್ಸು ಬರುತ್ತಿರಲಿಲ್ಲ. ಆದ್ದರಿಂದ ಜನವರಿಯಿಂದ ಅವನು ಅವಳ ಜೊತೆ ಎರಡೂ ಬರದ ಹಾಗೆ ವಾಕ್ಯ ಮಾಡುತ್ತಿದ್ದ.

ಆಫೀಸು ಐಸ್ ಫ್ಯಾಕ್ಟರಿಯ ಮೇಲಿನ ಮಹಡಿಯಲ್ಲಿ. ಮೀನುಗಾರಿಕೆಯ ಸೀಸನ್ ಶುರುವಾಗಿದ್ದರಿಂದ ಕೆಳಗೆ ಐಸ್ ಒಡೆಯುವ ಸದ್ದು ಜೋರಾಗಿತ್ತು. ರೂಪಾಲಿ ಅವನನ್ನು ಕಂಡು ಎದ್ದಳು. ಮೇಜು ಬಳಸಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಜಗದೀಶ ಹೊಂದಿಸಿಕೊಂಡು ಬಂದದ್ದನ್ನೆಲ್ಲ ಹೇಳಿದ. ಅಪ್ಪನ ಚುಕ್ಕಾಣಿ, ಹುಣ್ಣಿಮೆ, ಕಾಯಿ, ಎಲ್ಲ.

"ಸರ್, ನಂಗೆ ಅದು ಗೊತ್ತಿತ್ತು" ಎಂದಳು ಕೊನೆಗೆ.

ಜಗದೀಶ ಅವಳ ಮುಖ ನೋಡಿದ.

"ಹೋದ ವರ್ಷ, ಅದರ ಹಿಂದಿನ ವರ್ಷ, ಎರಡೂ ಸಲ ಪಪ್ಪನ ಕಾರು ಓಡಿಸ್ಕಂಡು ಬಂದದ್ದು ನಾನೇ. ನಿಮ್ಮ ಗೇಟಿನ ಎದುರು ಕಾರಲ್ಲೇ ಕೂತಿದ್ದೆ. ನಿಮ್ಮ ಕಣ್ಣು ಪಪ್ಪನ ಕೈಯ ಸೀಟಿ ಮೇಲೇ ಇತ್ತು, ನನ್ನ ನೋಡ್ಲಿಲ್ಲ."

"ಹಂಗಾರೆ..."

"ಗೊತ್ತಿದ್ದೇ ಕರೀಲಿಲ್ಲ ಸರ್. ಪೇಪರಿಗೆ ಹಾಗೆ ಬರೆಸಿದ್ದೂ ನಾನೇ. ನಿಮ್ಮನ್ನ ತೆಗೆದ್ರು ಅಂತ ಯಾರೂ ಹೇಳ್ಬಾರ್ದು ಅಂತ. ನಿಮ್ಮ ಪದ್ಧತಿ ಒಳ್ಳೇದು. ಅದರಲ್ಲಿ ಕಾರಣ ಹೇಳೂದು ಬೇಡ. ನಂಗೂ ಹೇಳೂಕೆ ಧೈರ್ಯ ಇರ್ಲಿಲ್ಲ, ಅದಕ್ಕೇ ಅದರ ಹಿಂದೆ ಅಡಗಿದೆ."

ಕೆಳಗೆ ಐಸ್ ಯಂತ್ರ ನಿಂತಿತು. ಈಗ ಎದ್ದು ಹೋಗಬಹುದಿತ್ತು. ಮನೆತನದ ಮರ್ಯಾದೆ ಎದ್ದು ಹೋಗು ಎನ್ನುತ್ತಿತ್ತು. ಆದರೆ ಬೇಬಿ ಹೇಳಿದ ರಾತ್ರಿಗಳು ಅವನ ಕಾಲು ಹಿಡಿದವು.

"ಕಾರಣ ಹೇಳಿ" ಎಂದ. ನೀವು ಎಂಬುದು ತಾನಾಗಿ ಬಂದಿತ್ತು.

ರೂಪಾಲಿ ಫೋನಿನಲ್ಲಿ ಆ ಫೋಟೋ ತೆಗೆದು ಅವನ ಕೈಗೆ ಕೊಟ್ಟಳು. ಹೆಗಲ ಮೇಲಿನ ಯೋಗೇಶ, ಮುಂದೆ ಕಪ್ಪಿನ ಜೊತೆ ಜಗದೀಶ. "ಯೋಗೇಶನ ಮುಖ ನೋಡಿ" ಎಂದು ಚಿತ್ರವನ್ನು ದೊಡ್ಡದು ಮಾಡಿದಳು. ಹಲ್ಲು ಕಾಣುತ್ತಿತ್ತು. ಪೇಪರಿನಲ್ಲಿ ಅದು ನಗು ಎಂದು ತೋರಿತ್ತು. ಹತ್ತಿರ ಹಿಡಿದಾಗ ಅದು ಹಲ್ಲು ಕಚ್ಚಿದ್ದು.

"ಖುಷಿಗೆ ಹೊತ್ತದ್ದಲ್ಲ ಸರ್. ಅವನಿಗೆ ನಿಲ್ಲೂಕೆ ಆಗ್ತಿರ್ಲಿಲ್ಲ, ಅದಕ್ಕೆ ಹೊತ್ತದ್ದು. ಸೆಮಿಫೈನಲ್ಲಿಗೂ ಮುಂಚೆಯಿಂದ ಮೊಣಕಾಲು ಊದಿತ್ತು. ಅವನೇ ಪಟ್ಟಿ ಸುತ್ಕಂಡು, ಮೇಲೆ ಪ್ಯಾಡ್ ಹಾಕ್ಕಂಡು ಆಡ್ದ. ತಂಡದ ಹನ್ನೆರಡೂ ಜನಕ್ಕೆ ಗೊತ್ತಿತ್ತು. ಮ್ಯಾಟ್ ಹಾಸೂ ಹುಡುಗ್ರಿಗೂ ಗೊತ್ತಿತ್ತು. ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."

"ನಂಗೆ ಯಾರೂ ಹೇಳ್ಲಿಲ್ಲಲಾ."

"ಅದೇ ಕಾರಣ ಸರ್" ಎಂದಳು ರೂಪಾಲಿ. ದನಿ ಸಣ್ಣದಾಯಿತು. "ನಾವು ಗೆದ್ವಿ. ಸೋತಿದ್ರೆ ಎಲ್ಲರೂ ಕೂತು ಮಾತಾಡ್ತಿದ್ರು. ಯಾಕೆ ಹೇಳ್ಲಿಲ್ಲ ಅಂತ ನನ್ನತ್ರ ಕೇಳ್ಬೇಡಿ. ಅವನತ್ರ ಕೇಳಿ."

ಯೋಗೇಶನ ಮನೆ ಮಾಜಾಳಿಯಲ್ಲಿ. ಕಾಳಿ ನದಿಯ ಹಳೆಯ ಸೇತುವೆ ಬಿದ್ದ ಮೇಲೆ ಹೋಗುವವರು ಬರುವವರೆಲ್ಲ ಒಂದೇ ಸೇತುವೆಯಲ್ಲಿ ಹರಿಯಬೇಕು. ಟೆಂಪೋ ಲಾರಿಗಳ ಹಿಂದೆ ನಿಂತು ನಿಂತು ಸಾಗುತ್ತಿತ್ತು. ಜಗದೀಶ ಮೇ ತಿಂಗಳಿನಿಂದ ಈ ಹುಡುಗನನ್ನು ನೋಡಿರಲಿಲ್ಲ. ಚುಕ್ಕಾಣಿ ಒಪ್ಪಿಸಿದ ತಾಂಡೇಲ ಕರೆ ಬರುವವರೆಗೆ ಬೋಟು ಮುಟ್ಟುವಂತಿಲ್ಲ ಎಂಬ ಲೆಕ್ಕದಲ್ಲಿ, ಸೀಟಿ ಇಟ್ಟ ಮೇಲೆ ಅವನು ಆಟಗಾರರ ಕಡೆ ಸುಳಿಯುತ್ತಿರಲಿಲ್ಲ. ಮೊಣಕಾಲಿಗೆ ಏನೋ ಚಿಕಿತ್ಸೆ ಆಗಿದೆ, ಡಿಸೆಂಬರಿಗೆ ಸರಿಯಾಗುತ್ತಾನೆ ಎಂದು ಯಾರೋ ಹೇಳಿದ್ದರು. ಒಳ್ಳೆಯದಾಯಿತು ಎಂದುಕೊಂಡಿದ್ದ. ಅಷ್ಟಕ್ಕೇ ಬಿಟ್ಟಿದ್ದ. ಟೆಂಪೋದಲ್ಲಿ ಕುಳಿತು ಅದನ್ನು ನೆನೆದಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಒಳಗೆ ಒಂದು ಮೂಲೆಯಲ್ಲಿ, ಹುಡುಗ ಹೇಳಬೇಕಿತ್ತಲ್ಲ, ತಪ್ಪು ಅವನದೂ ಇದೆಯಲ್ಲ ಎಂಬ ವಾದವೂ ನಡೆದಿತ್ತು.

ಯೋಗೇಶ ಮನೆಯ ಮುಂದಿನ ತೆಂಗಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ. ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ಇಪ್ಪತ್ತಮೂರರ ಹುಡುಗ, ಲೀಗಿನ ಅತಿ ವೇಗದ ರೇಡರ್ ಎಂದು ಹೆಸರು. ಸರ್ ಅವರನ್ನು ಕಂಡದ್ದೇ ಏಳಲು ಹೋದ. ಒಂದು ಕೈ ಕುರ್ಚಿಯನ್ನು, ಇನ್ನೊಂದು ಕೈ ತೆಂಗಿನ ಮರವನ್ನು ಹುಡುಕಿತು. ಏಳುವ ಮೊದಲೇ ಜಗದೀಶ ಓಡಿ ಹೋಗಿ ಹೆಗಲು ಒತ್ತಿ ಕೂರಿಸಿದ. ತಾಯಿ ಸುಬ್ಬಿ ಒಳಗಿನಿಂದ ಇಣುಕಿ, ಕುರ್ಚಿ ತಂದಿಟ್ಟು, ಚಾ ಇಡಲು ಹೋದಳು.

ಮಳೆಯ ಬಗ್ಗೆ, ಸೇತುವೆಯ ಬಗ್ಗೆ, ಹೊಸ ಕೋಚ್ ಬಗ್ಗೆ ಸ್ವಲ್ಪ ಮಾತಾಯಿತು. ಆಮೇಲೆ ಜಗದೀಶ ಕೇಳಿದ.

"ಸೆಮಿಫೈನಲ್ಲಿಗೂ ಮುಂಚೆ ಕಾಲು ಊದಿತ್ತಂತೆ. ನಂಗೆ ಎಂತಕೆ ಹೇಳ್ಲಿಲ್ಲ ನೀನು?"

ಯೋಗೇಶ ತಲೆ ತಗ್ಗಿಸಿದ. "ಹೋಗ್ಲಿ ಬಿಡಿ ಸರ್."

"ಬಿಡೂಕೆ ಬಂದದ್ದಲ್ಲ. ಹೇಳು."

"ನೀವು ಕೇಳ್ಲಿಲ್ಲ ಸರ್."

"ಕೇಳ್ದಿದ್ರೆ? ಬಾಯಿ ಇರ್ಲಿಲ್ವಾ ನಿಂಗೆ?"

ಒಳಗಿನಿಂದ ಸುಬ್ಬಿ, "ಅಷ್ಟು ದೂರದಿಂದ ಬಂದು ಕೇಳ್ತಿರ್ ಅಲಾ, ಹೇಳ್ಬಿಡು ಪುತಾ" ಎಂದಳು.

ಯೋಗೇಶ ನಿಧಾನವಾಗಿ ಶುರುಮಾಡಿದ. "ನಾ ತಂಡಕ್ಕೆ ಬಂದಾಗ ನೀವು ದಿನಾ ಬೆಳಿಗ್ಗೆ ನಮ್ಮನ್ನ ಸಾಲಾಗಿ ಕೂರ್ಸ್ಕಂಡು ಒಬ್ಬೊಬ್ಬರದೂ ಕಾಲು ಮುಟ್ಟಿ ನೋಡ್ತಿದ್ರಿ ಸರ್. ಮೊಣಕಾಲು, ಹಿಮ್ಮಡಿ, ಬೆರಳು. ಹೆಬ್ಬೆಟ್ಟಿಂದ ಒತ್ತಿ, ಇಲ್ಲಿ ನೋಯ್ತದಾ, ಇಲ್ಲಿ ನೋಯ್ತದಾ ಅಂತ. ನಾವು ಸುಳ್ಳು ಹೇಳಿದ್ರೂ ಮುಖ ನೋಡಿ ಹಿಡೀತಿದ್ರಿ. ಮನೆಲ್ಲಿ ಊಟ ಆಗಿತ್ತಾ ಅಂತನೂ ಕೇಳ್ತಿದ್ರಿ. ಎರಡು ವರ್ಷ ಹಂಗೇ ಇತ್ತು. ಮೊದಲ ಕಪ್ ಗೆದ್ದದ್ದೇ ಅದು ನಿಂತೋಯ್ತು. ಆಮೇಲೆ ಬೆಳಿಗ್ಗೆ ನೀವು ಬಂದ್ರೆ ಬೋರ್ಡಿನ ಮೇಲೆ ಆಟ ಬರೀತಿದ್ರಿ, ನಾವು ನೋಡ್ತಿದ್ವಿ. ಒಂದು ಸಲ ವೈಸ್ ಕ್ಯಾಪ್ಟನ್ ಎಂತದೋ ಹೇಳೂಕೆ ಬಂದ. ಮೂರು ನಿಮಿಷ ನಿಂತ. ನೀವು ಬರೀತಾನೇ ಇದ್ರಿ. ವಾಪಸ್ ಬಂದ. ಸರ್‌ಗೆ ಎಲ್ಲಾ ಗೊತ್ತಿರ್ತದೆ ಬಿಡು ಅಂದ. ನಮ್ಗೂ ಹಾಗೇ ಅನ್ಸ್ತು. ಗೆಲ್ತಾ ಇದ್ವಲಾ ಸರ್. ನಾ ಅಂದ್ಕಂಡೆ, ನನ್ನ ಕಾಲು ನಿಮ್ಗೆ ಗೊತ್ತಿದ್ದೇ ಕಳಿಸ್ತಾ ಇದ್ರಿ ಅಂತ."

ಜಗದೀಶನ ವಾದ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಕಾಲು ಮುಟ್ಟಿ ನೋಡುವುದು ಯಾವ ದಿನ ನಿಂತಿತು ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ನಿಲ್ಲಿಸಬೇಕು ಎಂದು ನಿಲ್ಲಿಸಿದ್ದಲ್ಲ. ಆರನೆಯ ವರ್ಷ ಕಪ್ ಗೆದ್ದು, ಹುಣ್ಣಿಮೆಯ ಕರೆಯ ನಂತರ ಮೈದಾನಕ್ಕೆ ಮರಳಿದಾಗ ಮೊದಲ ವಾರ ಸನ್ಮಾನಗಳಿದ್ದವು, ಎರಡನೆಯ ವಾರ ಟಿವಿಯವರು ಬಂದರು, ಮೂರನೆಯ ವಾರಕ್ಕೆ ಅದು ರೂಢಿ ತಪ್ಪಿತ್ತು. ಕೇಳದೆ ಇರುವುದು ದೊಡ್ಡತನ ಎಂದು ನಂಬಿ ಬೆಳೆದವನಿಗೆ, ಕೇಳದೆ ಇದ್ದದ್ದು ಗೊತ್ತೂ ಆಗಿರಲಿಲ್ಲ.

ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತ. ಯೋಗೇಶ ಬೇಡ ಬೇಡ ಎಂದರೂ ಅವನ ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದ. ಗಾಯದ ಗುರುತು ಇನ್ನೂ ಕೆಂಪಗಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.

"ಇಲ್ಲಿ ನೋಯ್ತದಾ?"

"ಹೂಂ."

"ಇಲ್ಲಿ?"

"ಅಲ್ಲಿ ಎಂತದೂ ಗೊತ್ತಾಗೂದಿಲ್ಲ ಸರ್."

"ಡಾಕ್ಟ್ರು ಎಂತಾ ಹೇಳಿರ್?"

ಯೋಗೇಶ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ನಡೀಬಹುದು, ಬೈಕ್ ಹೊಡೀಬಹುದು. ಕಬಡ್ಡಿ ಇನ್ನು ಬೇಡ ಅಂದಿರ್. ಯಾರಿಗೂ ಹೇಳ್ಲಿಲ್ಲ ನಾನು. ಆಯಿಗೂ ಗೊತ್ತಿಲ್ಲ, ರೂಪಾಲಿ ಮೇಡಂಗೂ ಗೊತ್ತಿಲ್ಲ. ಡಿಸೆಂಬರಿಗೆ ಬತ್ತೆ ಅಂತಲೇ ಹೇಳಿಟ್ಟಿದ್ದೆ. ನೀವು ಕೇಳಿದ್ರಿ, ಅದಕ್ಕೆ ಹೇಳ್ದೆ."

ಇಷ್ಟು ಹೇಳಿ ಹುಡುಗ ಅತ್ತ. ಸದ್ದಿಲ್ಲದೆ, ಮುಖ ತಿರುಗಿಸಿಕೊಂಡು. ಜಗದೀಶನಿಗೂ ಅಳು ಬಂತು, ಅವನು ಅದನ್ನು ತಡೆಯಲೂ ಇಲ್ಲ. ಕೇಣಿಯಿಂದ ಹೊರಡುವಾಗ ಅವನ ಎದೆ ತುಂಬ ತನ್ನ ಹತ್ತನೆಯ ವರ್ಷವೇ ಇತ್ತು. ಇಲ್ಲಿ ನಾಲ್ಕು ಸೀಸನ್ ಆಡಿ ಐದನೆಯದಕ್ಕೆ ಒಬ್ಬನ ಆಯುಷ್ಯದ ಆಟವೇ ಮುಗಿದು ಕುಳಿತಿತ್ತು. "ತಪ್ಪು ನಂದು ಯೋಗೇಶ" ಎಂದ. "ನಿಂದಲ್ಲ. ಬೇರೆ ಯಾರದೂ ಅಲ್ಲ. ಗೋವಾದ ದೊಡ್ಡ ಆಸ್ಪತ್ರೆಗೆ ಹೋಗಿ ಇನ್ನೊಬ್ಬರಿಗೆ ತೋರ್ಸ್ವಾ, ನಾನೇ ಕರ್ಕಂಡು ಹೋಗ್ತೆ. ಅವರೂ ಅದನ್ನೇ ಹೇಳಿದ್ರೆ, ನಿನ್ನ ಆಯಿಗೂ ರೂಪಾಲಿಗೂ ಹೇಳೂಕೆ ನಾ ಜೊತೆಗೆ ಬತ್ತೆ." ಯೋಗೇಶ ತಲೆಯಾಡಿಸಿದ.

ಸುಬ್ಬಿ ಚಾ ತಂದಳು. ಮಗನ ಕೋಚ್ ನೆಲದ ಮೇಲೆ ಕೂತದ್ದು ನೋಡಿ ಅವಳಿಗೆ ಗಾಬರಿಯಾಯಿತು, ಮಗ ಕಣ್ಣೊರೆಸಿಕೊಂಡದ್ದು ಅವಳಿಗೆ ಕಾಣಲಿಲ್ಲ. ಕಬಡ್ಡಿಯ ಗಂಧಗಾಳಿ ಇಲ್ಲದ, ಕಾರವಾರದ ಪೇಟೆಯಲ್ಲಿ ಮೀನು ಮಾರುವ ಹೆಂಗಸು ಅವಳು. ಕೆಲಸ ಬಿಟ್ಟ ದೊಡ್ಡ ಮನುಷ್ಯರು ಮನೆಗೆ ಬಂದಾಗ ಏನಾದರೂ ಒಳ್ಳೆಯ ಮಾತಾಡಬೇಕೆಂದು ಅವಳಿಗೆ ತೋರಿತು.

"ಸುಮಾರು ಕಾಲ ಮಾಡಿದ್ರಿ ಅಲಾ ನೀವು. ಕೋಚ್ ಆಗಿ ಎಷ್ಟು ವರ್ಷ ಆಗಿತ್ತು?"

ಜಗದೀಶ ಚಾ ಲೋಟ ಕೆಳಗಿಟ್ಟ.

"ಆರು ವರ್ಷ" ಎಂದ.

ಯೋಗೇಶ ತಲೆಯೆತ್ತಿ ಅವನನ್ನು ನೋಡಿದ. ಲೆಕ್ಕ ತಪ್ಪಿದೆ ಎಂದು ಹೇಳಲಿಲ್ಲ.